ಅಗೆದವನು ತೊಳೆಯಬಾರದು

ಓರಿನ್,

ನಿನ್ನನ್ನು ಮಣ್ಣು ಮಾಡಿದ ಮೇಲೆ ಇವತ್ತೇ ಮೊದಲ ಸಲ ಲೋಹ ಹುಡುಕುವ ಯಂತ್ರ ಹಿಡಿದು ನೆರೆಯ ಡಾರ್ಕಸಳ ಜೋಳದ ಹೊಲಕ್ಕೆ ಹೋದೆ. ಕನೆಕ್ಟಿಕಟ್‌ನ ಮಣ್ಣು ಇನ್ನೂ ತಣ್ಣಗೆ ಕೊರೆಯುತ್ತಿದೆ. ಹಳೆಯ ಕಲ್ಲುಗೋಡೆಯ ಬುಡದಲ್ಲಿ ಯಂತ್ರ ಕೂಗಿತು. ಅಲ್ಲಿ ತುಕ್ಕುಹಿಡಿದ ಮೊಳೆ ಬಿಟ್ಟು ಏನೂ ಇಲ್ಲ ಎಂದು ನೀನು ಬೈಯುತ್ತಿದ್ದೆಯಲ್ಲ, ಅಲ್ಲೇ. ಅಗೆದರೆ ದೊಡ್ಡ ತಾಮ್ರದ ನಾಣ್ಯ, ಬ್ರಿಟಿಷ್ ರಾಜರ ಕಾಲದ್ದಿರಬೇಕು, ಮೈತುಂಬ ಮಣ್ಣು.

ಅಗೆದವನು ತೊಳೆಯಬಾರದು ಎಂಬುದು ನೀನು ಹಾಕಿದ ಕಟ್ಟಳೆ. ಅಗೆದವನ ಹೆಬ್ಬೆರಳಿಗೆ ತಾಳ್ಮೆ ಇರುವುದಿಲ್ಲ, ಉಜ್ಜಿ ರಾಜನ ಮುಖವನ್ನೇ ಅಳಿಸಿಬಿಡುತ್ತದೆ ಎನ್ನುತ್ತಿದ್ದೆ. ಹಾಗಾಗಿ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತೆ.

ಡಾರ್ಕಸ್ ಬಂದಳು. "ಏನಯ್ಯಾ ಎಬೆನ್, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ? ತೊಳಿ ಅದನ್ನ."

"ತೊಳೆಯೋದು ಓರಿನ್ ಕೆಲಸ."

"ಅವನೇನು ಎದ್ದು ಬರ್ತಾನಾ? ಕೊಡು ಇಲ್ಲಿ." ನನ್ನ ಮುಖ ನೋಡಿದವಳು ದನಿ ತಗ್ಗಿಸಿದಳು. "ಅವನು ಹೇಗೆ ತೊಳೀತಿದ್ದ ಹೇಳು. ಹಾಗೇ ತೊಳೀತೀನಿ."

ಹೇಳಿದೆ. ಅಡುಗೆಮನೆಯಲ್ಲಿ ಅವಳು ನಾಣ್ಯವನ್ನು ಬಟ್ಟಲು ನೀರಿನಲ್ಲಿ ನೆನೆಸಿ, ಹಲ್ಲುಕಡ್ಡಿಯ ತುದಿಯಿಂದ ಮಣ್ಣನ್ನು ಚೂರುಚೂರೇ ಬಿಡಿಸಿದಳು. ನಿನ್ನ ಹಾಗೆಯೇ ಉಸಿರು ಬಿಗಿಹಿಡಿದಿದ್ದಳು. ರಾಜನ ಮೂಗು, ತಲೆಯ ಮೇಲಿನ ಎಲೆಯ ಕಿರೀಟ, ಕೊನೆಗೆ ಇಸವಿಯೂ ಮೂಡಿತು.

"ಸರಿಯಾಯ್ತಾ?" ಎಂದಳು.

"ತುಂಬಾ ಚೆನ್ನಾಗಿದೆ" ಎಂದೆ.

ಚೆನ್ನಾಗಿಯೇ ಇತ್ತು ಮಾರಾಯ, ಒಂದು ಗೀರೂ ಬಿದ್ದಿರಲಿಲ್ಲ. ಒಂದಾದರೂ ಬಿದ್ದಿದ್ದರೆ, 'ಓರಿನ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ' ಎನ್ನಬಹುದಿತ್ತು.