ಮೇಘಶ್ರೀಯ ದನಿ ಕಳಿಸಿಕೊಡಿ

ಹ್ಯಾಲಮ್ ಸಾಹೇಬರೇ,

ಶೆಟ್ಟಿಹಳ್ಳಿಯಿಂದ ಆಶಾರಾಣಿ ಮಾಡುವ ನಮಸ್ಕಾರ. ನೆನಪಾಗಲಿಲ್ಲವೇ? ಇಪ್ಪತ್ತು ವರ್ಷದ ಹಿಂದೆ ನಿಮ್ಮ ಮೊದಲ ಸಿನಿಮಾ ತೆಗೆಯಲು ನಮ್ಮೂರ ಪಾಳು ಚರ್ಚಿಗೆ ಬಂದಿದ್ದಿರಿ. ನಮ್ಮ ಜಗಲಿಯಲ್ಲಿ ಕೂತು ಮುದ್ದೆಯನ್ನು ಬಬ್ಬಲ್‌ಗಮ್ಮಿನ ಹಾಗೆ ಅಗಿಯುತ್ತಿದ್ದಿರಿ. "ಅಗೀಬ್ಯಾಡ ಕಣ್ ಸಾ, ನುಂಗು!" ಎಂದು ನಮ್ಮತ್ತೆ ಮಲ್ಲಿಗಮ್ಮ ಗದರುತ್ತಿದ್ದರು. ಆ ಮನೆಯ ಸೊಸೆ ನಾನು. ಚರ್ಚಿನ ಕಮಾನಿನ ಕೆಳಗೆ ನೀವು ನಿಲ್ಲಿಸಿದ ಪುಟ್ಟ ಹುಡುಗಿ ನನ್ನ ಮಗಳು ಮೇಘಶ್ರೀ.

ಆಗ ನಿಮ್ಮನ್ನು ಕೇಳುವವರೇ ಇರಲಿಲ್ಲ. ಹಡಗುಕಟ್ಟೆಯ ಕೂಲಿಯವನ ಮಗ ಎಂದು ನೀವೇ ಹೇಳಿಕೊಂಡಿದ್ದಿರಿ. ತೆಪ್ಪದ ಮೇಲೆ ಕ್ಯಾಮೆರಾ ಇಟ್ಟುಕೊಂಡು, ಹೇಮಾವತಿಯ ಹಿನ್ನೀರು ಏರುವುದನ್ನೇ ದಿನಗಟ್ಟಲೆ ಕಾದಿರಿ. ಆಮೇಲೆ ಒಂದರ ಹಿಂದೊಂದು ಸಿನಿಮಾ, ಪ್ರಶಸ್ತಿ, ಲಂಡನ್ನಿನ ಅರಮನೆಯಲ್ಲಿ 'ಸರ್' ಬಿರುದು. ಪೇಪರಿನಲ್ಲಿ ಓದಿ ನಮ್ಮ ಮನೆಯವರೇ ಗೆದ್ದ ಹಾಗೆ ಹಿಗ್ಗಿದ್ದೇನೆ.

ಅವತ್ತು ನೀರು ಕಾಲಿಗೆ ತಾಗಿದ ಕೂಡಲೇ ಮೇಘ ಕ್ಯಾಮೆರಾಗೆ ಬೆನ್ನು ಹಾಕಿ, ದಡದಲ್ಲಿದ್ದ ನನ್ನ ಕಡೆ ತಿರುಗಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಹೆಡ್‌ಫೋನ್ ಹಾಕಿಕೊಂಡಿದ್ದ ನೀವು, ಭಾಷೆ ಬಾರದಿದ್ದರೂ ನಕ್ಕುಬಿಟ್ಟಿರಿ. ಮನೆಗೆ ಬಂದಮೇಲೆ "ಏನೇ ಅಂದೆ?" ಎಂದು ನಾನು ಕೇಳಿದರೆ, "ಪಿಚ್ಚರ್ ಬತ್ತದಲ್ಲ, ಆಗ ಕೇಳ್ಕೊ ಓಗವ್ವ" ಎಂದು ಓಡಿಹೋದಳು.

ಪಿಚ್ಚರ್ ಬಂತು. ಅದರಲ್ಲಿ ಅವಳ ಜಡೆ ಇತ್ತು, ಲಂಗ ಇತ್ತು. ದನಿ ಮಾತ್ರ ಯಾವುದೋ ಲಂಡನ್ ಮಗುವಿನದು. ಅವಳು ಅತ್ತಳು. ನಾನು ಜಗಳವಾಡಿ ಬರೆದ ಮೇಲೆ ನೀವು ಅವಳ ದನಿಯದೇ ಒಂದು ಕ್ಯಾಸೆಟ್ ಕಳಿಸಿದಿರಿ. ಅದು ಬಂದ ವಾರವೇ ಅವಳಿಗೆ ಡೆಂಗ್ಯೂ. ಹಾಸನಕ್ಕೆ ಕರೆದುಕೊಂಡು ಹೋದವಳನ್ನು ಜೀವಸಹಿತ ವಾಪಸು ತರಲಿಲ್ಲ.

ತಿಥಿಯ ದಿನ ನಮ್ಮತ್ತೆ ಅವಳ ಬಟ್ಟೆಬರೆ, ಬಳೆ, ಸ್ಲೇಟು ಎಲ್ಲವನ್ನೂ ಗಂಟು ಕಟ್ಟಿದರು. "ಮಗೀನ ಸಾಮಾನು ಮನೇಲಿದ್ರೆ ಜೀವ ಇಲ್ಲೇ ಸುತ್ತಾಡ್ತದೆ ಕಣವ್ವ, ಒಳೆಗೆ ಬುಟ್ಬುಡಾನ" ಎಂದರು. ಅವರ ಕಾಲದಿಂದ ನಡೆದುಬಂದ ಪದ್ಧತಿ. ನಾನು ಎಚ್ಚರವಿಲ್ಲದೆ ಮಲಗಿದ್ದೆ. ಒಮ್ಮೆಯೂ ಹಾಕಿ ಕೇಳದ ಆ ಕ್ಯಾಸೆಟ್ಟೂ ಗಂಟಿನೊಳಗೆ ಹೋಯಿತು. ಪಾಪ, ಅವರಿಗೆ ಅದು ಆಟದ ಸಾಮಾನು.

'ಒಂದು ಮಗುವಿನ ದನಿ ಕಿತ್ತುಹಾಕಿದೆ, ಆಮೇಲೆ ಯಾರ ದನಿಯನ್ನೂ ಬದಲಿಸಲಿಲ್ಲ' ಎಂದು ಪ್ರಶಸ್ತಿ ತೆಗೆದುಕೊಳ್ಳುವಾಗ ನೀವು ಹೇಳಿದಿರಂತೆ. ಚಪ್ಪಾಳೆ ಬಿತ್ತಂತೆ. ನಿಮ್ಮ ಪಶ್ಚಾತ್ತಾಪಕ್ಕೆ ಚಪ್ಪಾಳೆ ಸಿಕ್ಕಿತು ಸಾಹೇಬರೇ, ನನಗೇನು ಸಿಕ್ಕಿತು?

ಕೋಪಕ್ಕೆ ಕ್ಷಮಿಸಿ. ನನಗೆ ಈಗ ದಿಕ್ಕೇ ತೋಚುತ್ತಿಲ್ಲ. ನನ್ನ ಒಂದು ಕಿವಿ ಆಗಲೇ ಹೋಗಿದೆ. ಇನ್ನೊಂದು ಈ ಮಳೆಗಾಲ ದಾಟುವುದಿಲ್ಲ, ಕಿವಿಗೆ ಹಾಕುವ ಮಿಷನ್ನೂ ಕೆಲಸಕ್ಕೆ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ನಿಮಗೆ ಲಕ್ವ ಹೊಡೆದು ಮಾತು ನಿಂತಿದೆಯಂತೆ. ನಿಮ್ಮ ಹಳೆಯ ಟೇಪುಗಳನ್ನೆಲ್ಲ ಯಾವುದೋ ಮ್ಯೂಸಿಯಮ್ಮಿಗೆ ಕೊಟ್ಟು, ಕೆಟ್ಟವನ್ನು ಬಿಸಾಡುತ್ತಾರಂತೆ. ಕೈಮುಗಿಯುತ್ತೇನೆ, ಬಿಸಾಡಲು ಬಿಡಬೇಡಿ. ಈ ಕಾಗದವನ್ನು ಇಂಗ್ಲಿಷಿಗೆ ಮಾಡಿ ಕಳಿಸುವವಳು ನಮ್ಮೂರ ಯಶಸ್ವಿನಿ. ಓದಿಸಿಕೊಂಡು, ಅವತ್ತು ಮೇಘಳ ಮಾತು ಹಿಡಿದ ಮೂಲ ಟೇಪು ಯಾವುದೆಂದು ನಿಮ್ಮ ಮನೆಯವರಿಗೆ ಕೈಮಾಡಿ ತೋರಿಸಿದರೂ ಸಾಕು.

ನಾನು ಅಂಗನವಾಡಿ ಟೀಚರು. ಈಚೆಗೆ ಮಕ್ಕಳ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದೇನೆ. ಕಿವಿ ಹೋದ ಮೇಲೆ ಟೇಪು ಬಂದರೆ, ಅಂಗನವಾಡಿಯ ಒಂದು ಮಗುವಿಗೆ ಕೇಳಿಸಿ ಅದರ ಬಾಯಲ್ಲಿ ಹೇಳಿಸಿಕೊಳ್ಳಬಹುದು ಎಂದು ಯಶಸ್ವಿನಿ ಸಮಾಧಾನ ಮಾಡುತ್ತಾಳೆ. ಬೇಡ ಸಾಹೇಬರೇ. ನನ್ನ ಮಗಳ ಮಾತನ್ನು ಇನ್ನೊಂದು ಮಗುವಿನ ಬಾಯಲ್ಲಿ ಒಮ್ಮೆ ಕೇಳಿದ್ದೇ ಸಾಕು.

ಈ ಮಳೆಗೆ ಹಿನ್ನೀರು ಚರ್ಚಿನ ಕಮಾನು ಮುಟ್ಟುವ ಮೊದಲು ಕಳಿಸಿ. ನಿಮಗೆ ಮಾತು ಮರಳಿ ಬರಲಿ.

ಇಂತಿ,
ಇನ್ನೂ ಸ್ವಲ್ಪ ಕೇಳಿಸುತ್ತಿರುವ,
ಮೇಘಶ್ರೀಯ ಅವ್ವ