ಹನ್ನೊಂದನೇ ತಿರುವಿನ ತಂತಿ

ಬೋರ್ಡ್ ಬರೆಯುವ ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನೇಳನೇ ತಾರೀಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಬೆಳಕಿಗೆ ಬಂದರೆ ನೀರು ಸುರಿಯುವುದು ನಿಂತಿದೆಯೇ? ಕಪ್ಪು ಕನ್ನಡಕ ಹಾಕಿದರೆ ಮದುವೆಮನೆಯ ಬ್ಯಾಂಡಿನವನ ಹಾಗೆ ಕಾಣುತ್ತೇನೆ ಎಂದು ತೆಗೆದು ತೆಗೆದು ಇಡುತ್ತೀರಂತೆ. ಇನ್ನು ಮೂರು ವಾರ ಹಾಗೇ ಕಾಣಿಸಿ, ಏನೂ ಕಳೆದುಹೋಗುವುದಿಲ್ಲ. ಓದುವುದಕ್ಕೆ ಡಾಕ್ಟರು ಇನ್ನೂ ಬಿಟ್ಟಿಲ್ಲವಾದ್ದರಿಂದ ಈ ಕಾಗದವನ್ನು ಅಕ್ಕನೇ ಓದಬೇಕು. ಅಕ್ಕಾ, ನೀನು ಮೊದಲು ಒಬ್ಬಳೇ ಓದಿಕೊಂಡು ಆಮೇಲೆ ಅಪ್ಪನಿಗೆ ಸೋಸಿ ಹೇಳಬೇಡ. ನಿನ್ನ ಆ ಬುದ್ಧಿ ನನಗೆ ಗೊತ್ತು. ಕಹಿ ಇದ್ದದ್ದನ್ನು ಕಹಿಯಾಗಿಯೇ ಓದು.

ಅಪ್ಪಾ, ನೀವು ಗ್ಯಾಂಗ್ ಮೇಸ್ತ್ರಿಯಾಗಿದ್ದಾಗ ಟಾರು ಹಾಕಿಸಿದ ಬೆಟ್ಟದ ರಸ್ತೆಯಲ್ಲಿ ನಾವು ಭಾನುವಾರ ಸೈಕಲ್ ತುಳಿಯುತ್ತೇವೆಂದು ನಿಮಗೆ ಗೊತ್ತೇ ಇದೆ. ದಾರಿ ತೋರಿಸುವ ಬಾಣಗಳನ್ನೆಲ್ಲ ಬರೆದವನು ನಾನೇ. ನೀಲಿ ಬಾಣದ್ದು ಕೆರೆ ಸುತ್ತಿ ಬರುವ ಸಪಾಟು ದಾರಿ, ಹಳದಿಯದು ಕಾಡಿನೊಳಗಿನ ಏರಿಳಿತ, ಕೆಂಪು ಬಾಣದ್ದು ನೆತ್ತಿಯವರೆಗೆ ಹತ್ತಿ ಹದಿನೆಂಟು ತಿರುವು ಇಳಿಯುವ ದಾರಿ. ಹೋದ ವರ್ಷದಿಂದ ಭಾನುವಾರ ಹತ್ತು ಗಂಟೆಯವರೆಗೆ ಅಲ್ಲಿ ವಾಹನ ಬಿಡುವುದಿಲ್ಲ. ಮರದ ಲಾರಿಯವರಿಗೆ ಇದು ಹೊಟ್ಟೆಯುರಿ. ಎರಡು ತಿಂಗಳಿಂದ ನನ್ನ ಬೋರ್ಡುಗಳನ್ನು ಕಿತ್ತೆಸೆದರು, ತಿರುವಿನಲ್ಲಿ ಮೊಳೆ ಚೆಲ್ಲಿದರು, ಒಂದು ಸಲ ಲಾರಿಯನ್ನು ಮೈಮೇಲೆಯೇ ಬಿಟ್ಟರು. ನಮ್ಮ ಗುಂಪಿನ ಮುಖಂಡರು ಹಲ್ಲಿನ ಡಾಕ್ಟರು. ಅವರು ಪ್ರತಿ ವಾರವೂ, “ಒಬ್ನಾದ್ರೂ ಕೈಗೆ ಸಿಗ್ಲಿ, ಆಮೇಲೆ ನೋಡ್ಕೊಳ್ತೀನಿ” ಎನ್ನುತ್ತಿದ್ದರು. ನಾವೂ ಹೂಂ ಹೂಂ ಎನ್ನುತ್ತಿದ್ದೆವು. ಅವರೆಲ್ಲ ಒಂದೊಂದು ಕಾರಿನಷ್ಟು ಬೆಲೆಯ ಸೈಕಲ್ ತರುವವರು. ಬೋರ್ಡ್ ಬರೆಯುವವನನ್ನು ಜೊತೆಗೆ ಸೇರಿಸಿಕೊಂಡಿದ್ದಾರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಈ ಭಾನುವಾರ ನಾವು ಆರು ಜನ ಕೆಂಪು ದಾರಿ ಹತ್ತಿದೆವು. ಇಳಿಯುವಾಗ ಎಲ್ಲರಿಗಿಂತ ಮುಂದೆ ಇದ್ದವಳು ಗುಬ್ಬಿ, ಡಾಕ್ಟರ ಕೊನೆಯ ತಂಗಿ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟುವುದೇ ಅವಮಾನ ಎಂದುಕೊಂಡವಳು. ಅವಳ ಹಿಂದೆ ಎರಡು ತಿರುವು ಬಿಟ್ಟು ನಾನು, ನನ್ನ ಹಿಂದೆ ಉಳಿದವರು. ಹನ್ನೊಂದನೇ ತಿರುವಿಗೆ ಬಂದಾಗ ಅವಳ ಸೈಕಲ್ ಬಂಡೆಗೆ ಒರಗಿ ಸೊಟ್ಟಗಾಗಿತ್ತು. ಅವಳು ಚರಂಡಿಯಲ್ಲಿ ಬಿದ್ದಿದ್ದಳು. ಕುತ್ತಿಗೆಯ ಅಡ್ಡಕ್ಕೆ ಒಂದು ಕಿವಿಯಿಂದ ಇನ್ನೊಂದು ಕಡೆಯ ಹೆಗಲೆಲುಬಿನವರೆಗೆ ಸೀಳಿಹೋಗಿತ್ತು. ಉಸಿರೆಳೆದಾಗಲೆಲ್ಲ ಅಲ್ಲಿ ರಕ್ತ ಗುಳ್ಳೆಗಟ್ಟುತ್ತಿತ್ತು. ಕೈಯಿಂದ ನೆಲ ಕೆರೆಯುತ್ತಿದ್ದಳು. ನಾನು ನನ್ನ ಅಂಗಿ ಬಿಚ್ಚಿ ಅದುಮಿ ಹಿಡಿದೆ, ಬೆರಳ ಸಂದಿಯಲ್ಲಿ ಬಿಸಿಬಿಸಿಯಾಗಿ ಹರಿಯಿತು. ತಲೆ ಎತ್ತಿ ನೋಡಿದರೆ ರಸ್ತೆಯ ಆಚೆ ಬದಿ, ಮರದ ಬುಡದಲ್ಲಿ, ಒಬ್ಬ ಮುದುಕ ನಿಂತಿದ್ದ. ಅವನ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುರುಳಿಗಟ್ಟಿದ ತಂತಿ.

ಅಷ್ಟರಲ್ಲಿ ಡಾಕ್ಟರು ಬಂದರು. ತಂಗಿಯನ್ನು ನೋಡಿದರು, ಆ ಮನುಷ್ಯನನ್ನು ನೋಡಿದರು. ಸೈಕಲ್ಲಿನ ಪಂಪು ಕಿತ್ತುಕೊಂಡು ಹೋಗಿ ಅವನ ಕಿವಿಯ ಮೇಲೆ ಬಾರಿಸಿದರು. ಅವನು ಕುಕ್ಕರಿಸಿದ. ಉಳಿದ ಮೂವರೂ ಓಡಿದರು. ಒಬ್ಬ ತನ್ನ ಹೆಲ್ಮೆಟ್ಟಿನಿಂದಲೇ ಅವನ ಬಾಯಿಗೆ ಕುಟ್ಟಿದ, ಹಲ್ಲು ಟಾರಿನ ಮೇಲೆ ಬಿದ್ದವು. ನಾನು ಗುಬ್ಬಿಯ ಕೈಯನ್ನೇ ಅವಳ ಗಾಯದ ಮೇಲೆ ಒತ್ತಿ ಇಟ್ಟು ಅಲ್ಲಿಗೆ ಹೋದೆ. ಯಾಕೆ ಹೋದೆ ಎಂದು ನಾಲ್ಕು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಅವಳ ಹತ್ತಿರ ಕೂತಿರಬಹುದಿತ್ತು, ಕೂರುವುದೇ ಸರಿಯಾಗಿತ್ತು.

ಅವನು ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು, “ಬಿಚ್ತಾ ಇದ್ದೆ, ಬಿಚ್ತಾ ಇದ್ದೆ” ಎನ್ನುತ್ತಿದ್ದ. ಆಮೇಲೆ ನನ್ನ ಮುಖ ನೋಡಿದ. “ಮೇಸ್ತ್ರಿ ಮಗ ಅಲ್ವೇನಪ್ಪಾ ನೀನು? ಇವ್ರಿಗೆ ಸ್ವಲ್ಪ ಹೇಳಪ್ಪಾ” ಎಂದ. ಆಗ ಅವನ ಎಡಗೈ ಕಂಡಿತು, ಎರಡು ಬೆರಳಿಲ್ಲ. ಅಪ್ಪಾ, ಅವನು ನಮ್ಮ ಡಾಂಬರಣ್ಣ. ನಿಮ್ಮ ಗ್ಯಾಂಗಿನಲ್ಲಿ ಟಾರು ಕಾಯಿಸುತ್ತಿದ್ದವನು, ನನ್ನನ್ನು ರೋಡ್ ರೋಲರಿನ ಮೇಲೆ ಕೂರಿಸಿಕೊಂಡು ಸುತ್ತಿಸುತ್ತಿದ್ದವನು. ಅವನು ಹಾಗೆ ಕರೆದ ತಕ್ಷಣ ನಾಲ್ಕೂ ಜನ ಹೊಡೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ನಾನೊಂದು ಮಾತು ಹೇಳಿದ್ದರೆ ಸಾಕಿತ್ತು, ನಿಲ್ಲುತ್ತಿತ್ತು. ಆದರೆ ಅವರ ಆ ನೋಟ ನನ್ನಿಂದ ತಡೆಯಲಾಗಲಿಲ್ಲ. ಇವನೂ ಲಾರಿಯವರ ಕಡೆಯವನೇ ಎಂದುಕೊಂಡಾರು ಎನ್ನಿಸಿತು. ನಾನು ಒದ್ದೆ. ನಮ್ಮ ಸೈಕಲ್ ಬೂಟಿನ ಅಡಿಯಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ಕಬ್ಬಿಣದ ತುಂಡು ಇರುತ್ತದೆ. ಅದೇ ಕಾಲಿನಿಂದ ಪಕ್ಕೆಗೆ ಒಂದು ಸಲ, ಎರಡು ಸಲ ಒದ್ದೆ. ಮೂರನೆಯ ಸಲಕ್ಕೆ ಒಳಗೆ ಏನೋ ಕುಸಿದದ್ದು ನನ್ನ ಕಾಲಿಗೇ ಗೊತ್ತಾಯಿತು. ಅಷ್ಟು ಹೊತ್ತಿಗೆ ಡಾಕ್ಟರು ಅವನ ತಲೆಯನ್ನು ಹಿಡಿದು ರಸ್ತೆಬದಿಯ ಕಲ್ಲಿಗೆ ಅಪ್ಪಳಿಸಿದರು. ಆ ಕಲ್ಲಿಗೆ ಮೂರು ವಾರದ ಹಿಂದೆ ಕೆಂಪು ಬಾಣ ಬರೆದಿದ್ದೆ.

ಗುಬ್ಬಿ ಬದುಕಿದ್ದಾಳೆ. ಹೊಲಿಗೆ ಹಾಕಿ, ಗಂಟಲಿಗೆ ಕೊಳವೆ ಇಟ್ಟಿದ್ದಾರೆ. ದನಿ ಬರುತ್ತದೋ ಇಲ್ಲವೋ ಹೇಳಲಾಗುವುದಿಲ್ಲವಂತೆ. ನಿನ್ನೆ ಹೋಗಿದ್ದೆ, ಸ್ಲೇಟು ಕೇಳಿ ಬರೆದು ತೋರಿಸಿದಳು. ನಾನು ಕೇಳದಿದ್ದರೂ ಬರೆದದ್ದು ಡಾಂಬರಣ್ಣನ ವಿಷಯವೇ. ರಸ್ತೆಗೆ ಅಡ್ಡ ಬಿಗಿದಿದ್ದ ತಂತಿಗೆ ಸಿಕ್ಕಿ ಅವಳು ಬಿದ್ದಾಗ ಅವನು ಮೇಲಿನ ಸಸಿತೋಟದಲ್ಲಿ ಬೇಲಿ ರಿಪೇರಿ ಮಾಡುತ್ತಿದ್ದನಂತೆ, ಬರುವಾಗಲೇ ಅವಳು ನೋಡಿದ್ದಳಂತೆ. ಸದ್ದು ಕೇಳಿ ಕಲ್ಲು ಮುಳ್ಳು ನೋಡದೆ ಜಾರುತ್ತಾ ಇಳಿದು ಬಂದನಂತೆ. ಅವಳ ಹತ್ತಿರ ಬಗ್ಗಿದವನಿಗೆ ಮೇಲಿನ ತಿರುವಿನಲ್ಲಿ ಇನ್ನೊಂದು ಸೈಕಲ್ಲಿನ ಸದ್ದು ಕೇಳಿಸಿತು. “ಒಂದ್ ನಿಮಿಷ ತಡ್ಕೊಳಮ್ಮಾ, ಇನ್ನೊಬ್ಬ ಬರ್ತಿದಾನೆ” ಎಂದು ಹೇಳಿ ಓಡಿಹೋಗಿ ತಂತಿ ಕತ್ತರಿಸಿದನಂತೆ. ಆ ಇನ್ನೊಬ್ಬ ನಾನು, ಅಪ್ಪಾ. ಈ ಕಾಗದ ಬರೆಯಲು ನನ್ನ ತಲೆ ಹೆಗಲ ಮೇಲೆ ಉಳಿದಿದ್ದರೆ ಅದು ಅವನ ದಯೆ.

ತಂತಿ ಕಟ್ಟಿದ ಲಾರಿಯವರಿಬ್ಬರು ಮಂಗಳವಾರ ಸಿಕ್ಕಿಬಿದ್ದು ಒಪ್ಪಿಕೊಂಡಿದ್ದಾರೆ. ಆದರೆ ಭಾನುವಾರವೇ ನಾವು ಐವರೂ ಪೊಲೀಸರಿಗೆ ಬರೆದುಕೊಟ್ಟದ್ದು ಹಾಗೇ ಇದೆ: ಅವನು ಇಕ್ಕಳ ಹಿಡಿದು ನಮ್ಮ ಮೇಲೆ ಬಂದ, ತಪ್ಪಿಸಿಕೊಳ್ಳುವಾಗ ಕಾಲು ಜಾರಿ ಕಲ್ಲಿನ ಮೇಲೆ ಬಿದ್ದ. ಅದಕ್ಕೆ ನನ್ನ ಸಹಿಯೂ ಇದೆ. ಡಾಂಬರಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾನೆ. ನಿನ್ನೆ ಬಾಗಿಲ ತನಕ ಹೋದೆ. ಅವನ ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತು ಅವನ ಪಾದ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎದ್ದು, “ನಮ್ ಮೇಸ್ತ್ರಿ ಮಗ, ನೋಡೋಕ್ ಬಂದ್ಯಲ್ಲಪ್ಪಾ” ಎಂದು ಸೆರಗಿನಿಂದ ಸ್ಟೂಲು ಒರೆಸಿದಳು. ನನಗೆ ಕೂರಲಾಗಲಿಲ್ಲ. ಬಂದುಬಿಟ್ಟೆ.

ಅವನು ಕಣ್ಣು ಬಿಡಲಿ, ಮೊದಲು ಅವನ ಹತ್ತಿರ ಹೇಳಿ ಆಮೇಲೆ ಬೇರೆಯವರಿಗೆ ಹೇಳೋಣ ಎಂದುಕೊಂಡಿದ್ದೇನೆ. ಡಾಕ್ಟರು ದಿನಾ ಅಂಗಡಿಗೆ ಬಂದು, ಐವರೂ ಒಂದೇ ಮಾತಿಗೆ ನಿಂತರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಹೇಳಿ ಹೋಗುತ್ತಾರೆ. ನೀವು ಇಡೀ ಗ್ಯಾಂಗನ್ನು ಮೂವತ್ತು ವರ್ಷ ನಡೆಸಿದಿರಿ, ಯಾರ ಮೇಲೂ ಕೈ ಎತ್ತಲಿಲ್ಲ. ನಿಮ್ಮ ಮಗನಾಗಿ ನಾನು ಏನು ಮಾಡಬೇಕೆಂದು ಅಕ್ಕನ ಕೈಲಿ ಎರಡು ಸಾಲು ಬರೆಸಿ. ಬೈದರೂ ಸರಿ.

ಕಣ್ಣಿಗೆ ಹನಿ ಹಾಕಿಸಿಕೊಳ್ಳುವುದನ್ನು ಬಿಡಬೇಡಿ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿಮ್ಮ ಕಾಲಿಗೆ ಬಿದ್ದಿದ್ದೇನೆ ಎಂದುಕೊಳ್ಳಿ, ಎದ್ದೇಳು ಎನ್ನುವುದು ಬಿಡುವುದು ನಿಮಗೆ ಸೇರಿದ್ದು.

ನಿಮ್ಮ ಮಗ

ತಾ.ಕ.: ಕಾಗದ ಮಡಿಸುತ್ತಿದ್ದೆ, ಡಾಕ್ಟರ ಫೋನ್ ಬಂತು. ಡಾಂಬರಣ್ಣ ಹನ್ನೊಂದೂವರೆಗೆ ತೀರಿಕೊಂಡನಂತೆ. ಮಧ್ಯಾಹ್ನ ಎಲ್ಲರೂ ಅವರ ದವಾಖಾನೆಯಲ್ಲಿ ಸೇರಿ ಹೊಸದಾಗಿ ಬರೆದುಕೊಡಬೇಕಂತೆ. ನಾನು ಅಲ್ಲಿಗೆ ಹೋಗುವುದಿಲ್ಲ. ಅಂಗಡಿಗೆ ಬೀಗ ಹಾಕಿ, ಬೂಟು ಒಂದು ಚೀಲಕ್ಕೆ ಹಾಕಿಕೊಂಡು ನೇರವಾಗಿ ಠಾಣೆಗೆ ಹೊರಟಿದ್ದೇನೆ. ದಾರಿಯಲ್ಲೇ ಈ ಕಾಗದ ಡಬ್ಬಿಗೆ ಹಾಕುತ್ತೇನೆ. ಭಾವನಿಗೆ ಹೇಳಿ, ವಕೀಲರನ್ನು ಹುಡುಕಿಕೊಂಡು ಓಡಿ ಬರುವುದು ಬೇಡ. ಅಪ್ಪಾ, ಕಣ್ಣು ಇನ್ನೂ ಹಸಿ ಇದೆ, ಬಸ್ಸು ಹತ್ತಿ ಅನ್ನಬಾರದು, ಆದರೂ ಅನ್ನುತ್ತಿದ್ದೇನೆ. ಬಂದರೆ ಮೊದಲು ನನ್ನ ಹತ್ತಿರ ಬರಬೇಡಿ. ಅವನ ಮನೆಗೆ ಹೋಗಿ. ನಿಮ್ಮ ಗ್ಯಾಂಗಿನವರು ಬದುಕಿರುವವರು ಎಷ್ಟು ಜನ ಇದ್ದಾರೋ ಎಲ್ಲರನ್ನೂ ಕರೆಸಿ ಅವನನ್ನು ಹೊರಿಸಿ. ಅವನ ಹೆಂಡತಿ ಕೇಳಿದರೆ, ಒದ್ದದ್ದು ನನ್ನ ಮಗ ಎಂದು ನೀವೇ ಹೇಳಿ. ಬೇರೆಯವರ ಬಾಯಲ್ಲಿ ಕೇಳುವುದು ಬೇಡ.