ಕೊನೇ ಹೊಲಕ್ಕೆ ಮುಟ್ಟಿದ ನೀರು

ಕಾರಟಗಿ
೧೨ ಡಿಸೆಂಬರ್ ೨೦೨೪, ಗುರುವಾರ

ವಾಹೀದನ ಅಮ್ಮ ಶಾಹಜಾದಬಿಗೆ ಬಡೇಸಾಬನ ಸಲಾಂ. ನಿನ್ನ ಮೊಣಕಾಲು ಹೇಗಿದೆ? ಮಗಳು ಗುಲ್ಶನ, ಕೂಸು ಆರಾಮವೇ? ಅವಳ ಬಾಣಂತನಕ್ಕೆಂದು ಮುನಿರಾಬಾದಿಗೆ ಹೋದವಳು ಅಲ್ಲೇ ಬೇರು ಬಿಟ್ಟೆಯೋ ಏನೋ. ಫೋನಿನಲ್ಲಿ ನಾನು ಬಾಯಿ ತೆರೆದರೆ ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ. ಪೂರ್ತಿ ಓದು.

ನಮ್ಮ ಮೊಮ್ಮಗಳು ಅಫ್ಸಾನಾ ರಟ್ಟಿನ ಮೇಲೆ ಕಾಲುವೆ ಬರೆದು ಒಂದು ಆಟ ಮಾಡಿದ್ದಾಳಲ್ಲ, 'ಕೊನೇ ಹೊಲ' ಅಂತ. ಮೇಲಿನ ಹೊಲದವರ ಕೈ ತಪ್ಪಿಸಿ ಕಡೆಯ ಹೊಲದ ಭತ್ತಕ್ಕೆ ನೀರು ಮುಟ್ಟಿಸಿದವರು ಗೆದ್ದಂತೆ. ಅಚ್ಚು ಹಾಕಿಸಲು ಯಾವ ಕಂಪನಿಯೂ ಬರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಮಂದಿಯೇ ಮುಂಗಡ ಕೊಟ್ಟು ಡಬ್ಬಿ ಕಾಯ್ದಿರಿಸಬೇಕಂತೆ. ಗಡುವಿನೊಳಗೆ ಗುರಿ ಮುಟ್ಟದಿದ್ದರೆ ಎಲ್ಲರ ರೊಕ್ಕ ವಾಪಸ್, ಆಟವೂ ಇಲ್ಲ. ಗಡುವು ಮೊನ್ನೆ ಮಂಗಳವಾರ. ಭಾನುವಾರದವರೆಗೆ ಅರ್ಧವೂ ಆಗಿರಲಿಲ್ಲ. ಹುಡುಗಿ ಊಟ ಬಿಟ್ಟು ಮೊಬೈಲು ನೋಡುತ್ತ ಕೂತಿತ್ತು. ನಾನು ಚಪ್ಪಲಿ ಮೆಟ್ಟಿ ಮನೆಯಿಂದ ಹೊರಬಿದ್ದೆ.

ನನ್ನ ತಲೆಗೆ ಇದು ಉರುಸಿನ ಚಂದಾ ಅಂತಲೇ ತಿಳಿದದ್ದು. ಚಂದಾ ಅಂದಮೇಲೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಬೇಕು. ಹನಮೇಶನ ಅಕ್ಕಿ ಮಿಲ್ಲಿನ ಮುಂದೆ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಅವರು ಗಾಡಿ ನಂಬರು ಕೂಗುವ ಮೈಕು ಕಸಿದುಕೊಂಡು ಹೆಸರು ಕೂಗಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಡೇಸಾಬ ಹೇಗಾದೇನು? ಕೊಡದವರ ಹೆಸರನ್ನೂ ಕೂಗಿದೆ. "ಏ ಹನಮೇಶಾ, ಮನಿಗೆ ಬಂದು ಬಂದು ಆಡ್ತಿ, ನನ್ನ ಚಾ ಕುಡೀತಿ, 'ಭಾಳ ಛಲೋ ಐತಿ ಕಾಕಾ' ಅಂತಿ. ಛಲೋ ಅಂದ್ರ ಆಟ ಅಚ್ಚಾಗತೈತೇನು?" ಅಂದೆ. ಅಫ್ಸಾನಾ ಓಡಿ ಬಂದಳು. "ದಾದಾ, ಇದು ಚಂದಾ ಅಲ್ಲ! ನಾವು ಆಟ ಮಾರಾಕ ಹತ್ತೀವಿ, ಬೇಡಾಕಲ್ಲ!" ಅಂತ ಅಳುವುದೊಂದು ಬಾಕಿ. ನನಗೆ ಇನ್ನೂ ಸಿಟ್ಟು ಬಂತು. ಬಾಯಿಗೆ ಬಂದದ್ದೆಲ್ಲ ಅಂದೆ.

ಯಾರೋ ಟ್ರ್ಯಾಕ್ಟರಿನವನು ಅದನ್ನೆಲ್ಲ ವಿಡಿಯೋ ಮಾಡಿ ಬಿಟ್ಟುಬಿಟ್ಟ. ಸೋಮವಾರ ನೋಡಿದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆ ನನ್ನದೇ ಮುಖ! "ನಮ್ಮೂರಾಗೂ ಇಂಥಾ ಮುದುಕ ಒಬ್ಬ ಅದಾನ" ಅಂತ ಬರೆದು ಬರೆದು ಒಂದಲ್ಲ, ಮೂರು ಮೂರು ಡಬ್ಬಿ ಕಾಯ್ದಿರಿಸಿದರು. ಹನಮೇಶನೂ ಮೂರು ಹಿಡಿದ. ಮಂಗಳವಾರ ಇಳಿಹೊತ್ತಿನ ಅಸರ್ ನಮಾಜಿಗೆ ಮೊದಲೇ ಗುರಿ ದಾಟಿತು. ಅಫ್ಸಾನಾ ನನ್ನ ಕೊರಳಿಗೆ ಜೋತುಬಿದ್ದು ನಕ್ಕಳು, ಆಮೇಲೆ ಮೈಕಿನ ವಿಷಯಕ್ಕೆ ಬೈದಳು. ಈಗ ಕಾಲುವೆಯ ನೀರಿಗೆ ನೀಲಿ ಬಣ್ಣವೋ ಕೆಮ್ಮಣ್ಣಿನದೋ ಅಂತ ಅಚ್ಚಿನವರ ಜೊತೆ ಜಗಳ ನಡೆಸಿದ್ದಾಳೆ. ಥೇಟು ನನ್ನ ರಕ್ತ.

ಕೂಸಿಗೆ ನನ್ನ ದುವಾ, ಗುಲ್ಶನಳಿಗೂ ಅಳಿಯನಿಗೂ ಸಲಾಂ ಮುಟ್ಟಿಸು.

ನಿನ್ನ
ಬಡೇಸಾಬ

ತಾ.ಕ.: ಬಾಯಿಗೆ ಬಂದದ್ದರಲ್ಲಿ ಇದೂ ಒಂದು. "ಮೂರು ಡಬ್ಬಿ ತಗೊಂಡವರಿಗೆ ನಮ್ಮ ಮನ್ಯಾಗ ಶಾಹಜಾದಬಿ ಕೈಯಾಗಿನ ಬಿರಿಯಾನಿ" ಅಂದುಬಿಟ್ಟೆ. ಮುಂದಿನ ಭಾನುವಾರ ನಲವತ್ತು ಮಂದಿ ಬರುತ್ತಾರೆ. ಅಫ್ಸಾನಾಳಿಗೆ ಅನ್ನವೂ ನೆಟ್ಟಗೆ ಬೇಯಿಸಲು ಬಾರದು. ಸಿಟ್ಟು ಮಾಡು, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿಗೆ ಬಂದು ಮಾಡು.